ಕೆಂಪು ಎಲೆಯ ಹಿಂದೆ ನಾಲ್ಕು ದಿನ

ಅಪ್ಪ ಅಮ್ಮ ಅರಸೀಕೆರೆ ಕಡೆಯಿಂದ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ನಾವಿರುವುದು ಲಾಸ್ ಏಂಜಲೀಸ್ ಹತ್ತಿರದ ಅರ್ವೈನ್‌ನಲ್ಲಿ. ಅಮ್ಮನಿಗೆ ಹೇಗೋ ಹೊತ್ತು ಹೋಗುತ್ತಿತ್ತು. ಅಪ್ಪನಿಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋದರೆ ಮಾತಾಡಿಸಲು ಒಬ್ಬ ಮನುಷ್ಯ ಸಿಗುವುದಿಲ್ಲ ಅನ್ನುವುದು ಅವರ ದಿನದ ದೂರು. ನಮ್ಮ ಯಜಮಾನರಿಗೆ ರಜೆ ಇಲ್ಲ. ಸರಿ, ನಾವು ಮೂರು ಜನವೇ ಹೋಗಿ ಬರೋಣ ಅಂತ ಏಪ್ರಿಲ್ ಕೊನೆಯ ವಾರ ಯೂಟಾ ಕಡೆ ಹೊರಟೆವು. ನೋಡಬೇಕಾಗಿದ್ದದ್ದು ಜಯಾನ್, ಬ್ರೈಸ್ ಕಣಿವೆಗಳನ್ನು. ಅರ್ಧ ಹೊತ್ತು ಕಳೆದದ್ದು ಮಾತ್ರ ಒಂದು ಗೇಣುದ್ದದ ಗಿಡದ ಹಿಂದೆ.

ಮೊದಲ ದಿನ

ಬೆಳಗಿನ ಐದೂವರೆಗೆ ಮನೆ ಬಿಟ್ಟೆವು. ಹಿಂದಿನ ಸೀಟಿನಲ್ಲಿ ಅಮ್ಮ, ಅವಳ ಪಕ್ಕ ಕೂಲರ್ ಡಬ್ಬ. ಅದರಲ್ಲಿ ಚಪಾತಿ, ಪುಳಿಯೋಗರೆ, ಮೊಸರನ್ನ, ಒಂದು ಸ್ಟೀಲ್ ಡಬ್ಬ ತುಂಬ ಕೋಡುಬಳೆ. ಹೈವೇ ನಡುವೆ ಉದ್ದಕ್ಕೂ ಕಣಗಿಲೆ ಬೆಳೆಸಿದ್ದಾರೆ. ಬಿಳಿ, ಗುಲಾಬಿ ಎರಡೂ ಹೂ ಬಿಡಲು ಶುರುವಾಗಿತ್ತು. "ಇಷ್ಟು ಕಣಗಿಲೆ ಇದ್ರೂ ಒಬ್ರೂ ಪೂಜೆಗೆ ಕೀಳಲ್ವಲ್ಲೇ" ಅಂತ ಅಮ್ಮ ಒಂದು ಗಂಟೆ ಸಂಕಟಪಟ್ಟಳು.

ಬಾರ್ಸ್ಟೋ ದಾಟಿದ ಮೇಲೆ ಹಸಿರು ಮುಗಿಯಿತು. ಬೇಕರ್ ಅನ್ನುವ ಪುಟ್ಟ ಊರಿನಲ್ಲಿ ದೊಡ್ಡದೊಂದು ಥರ್ಮಾಮೀಟರ್ ನಿಲ್ಲಿಸಿದ್ದಾರೆ. ಎತ್ತರ 134 ಅಡಿ. 1913ರಲ್ಲಿ ಅಲ್ಲೇ ಹತ್ತಿರದ ಡೆತ್ ವ್ಯಾಲಿಯಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತಂತೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 57 ಡಿಗ್ರಿ. ಅದರ ನೆನಪಿಗೇ ಅಷ್ಟು ಅಡಿ. ಅಪ್ಪ ಕಾರಿನಿಂದ ಇಳಿದು ಅದರ ಬುಡದಿಂದ ತುದಿವರೆಗೆ ನೋಡಿ, "ಸೆಖೆಗೂ ಒಂದು ಗೋಪುರ ಕಟ್ಟಿದಾರೆ" ಅಂದರು. ಅಲ್ಲಿ ಪೆಟ್ರೋಲ್ ಹಾಕಿಸಬೇಡಿ, ದುಬಾರಿ. ನೆವಾಡಾ ಗಡಿ ದಾಟಿ ಹಾಕಿಸಿದರೆ ಜೇಬಿಗೆ ಹಗುರ.

ಲಾಸ್ ವೇಗಸ್ ಅನ್ನು ಕಾರಿನೊಳಗಿಂದಲೇ ತೋರಿಸಿ ಮುಂದೆ ಹೋದೆವು. ಮೆಸ್ಕೀಟ್ ಆದಮೇಲೆ ರಸ್ತೆ ಅರಿಜೋನಾದ ಒಂದು ಮೂಲೆಯನ್ನು ಮುಟ್ಟಿ ಹೋಗುತ್ತದೆ. 47 ಕಿಲೋಮೀಟರ್ ಅಷ್ಟೇ. ಆದರೆ ಅದರಲ್ಲಿ ವರ್ಜಿನ್ ನದಿಯ ಕಂದರ ಬರುತ್ತದೆ. ಎರಡೂ ಕಡೆ ಗೋಡೆಯ ಹಾಗೆ ಬಂಡೆ, ನಡುವೆ ತಿರುವು ಮೇಲೆ ತಿರುವು, ಪಕ್ಕದಲ್ಲಿ ಲಾರಿಗಳು. ನಾನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ಕೂತಿದ್ದಾಗಲೇ ಅಮ್ಮ ಕೂಗಿದಳು: "ನಿಲ್ಸು, ನಿಲ್ಸು! ಕೆಂಪು ಹೂ!"

ಇಂಟರ್‌ಸ್ಟೇಟ್‌ನಲ್ಲಿ ಹೂವಿಗೆಲ್ಲ ಕಾರು ನಿಲ್ಲಿಸುವ ಹಾಗಿಲ್ಲ. ಅದನ್ನು ಅಮ್ಮನಿಗೆ ಹೇಳಿ ಒಪ್ಪಿಸುವಷ್ಟರಲ್ಲಿ ಯೂಟಾ ಬಂದಿತ್ತು, ಗಡಿಯಾರ ಒಂದು ಗಂಟೆ ಮುಂದೆ ಓಡಿತ್ತು. ಅರಿಜೋನಾ ಬೇಸಿಗೆಯಲ್ಲಿ ಸಮಯ ಬದಲಿಸುವುದಿಲ್ಲ, ಯೂಟಾ ಬದಲಿಸುತ್ತದೆ. ಆ ಗಡಿಯಲ್ಲಿ ಫೋನಿನ ಗಡಿಯಾರ ನಂಬಿ ಏನನ್ನೂ ಬುಕ್ ಮಾಡಬೇಡಿ.

ಸಂಜೆ ಸೇಂಟ್ ಜಾರ್ಜ್ ಊರಿನ ಪಕ್ಕದ ಸ್ನೋ ಕ್ಯಾನ್ಯನ್‌ಗೆ ಹೋದೆವು. ಹೆಸರಲ್ಲಿ ಸ್ನೋ ಇದೆ ಅಂತ ಅಪ್ಪ ಸ್ವೆಟರ್ ಹಾಕಿಕೊಂಡು ಬಂದಿದ್ದರು. ಅದು ಹಿಮದ ಸ್ನೋ ಅಲ್ಲ, ಸ್ನೋ ಅನ್ನುವ ಮನೆತನದ ಹೆಸರಿನವರ ನೆನಪಿಗೆ ಇಟ್ಟದ್ದು. ಒಂದು ಕಡೆ ಕೆಂಪು ಮರಳುಗಲ್ಲು, ಇನ್ನೊಂದು ಕಡೆ ಕಪ್ಪಗೆ ಹೆಪ್ಪುಗಟ್ಟಿದ ಲಾವಾ. ನಡುವೆ ಮರಳು, ಮರಳಿನ ಮೇಲೆ ಬೂದುಬಣ್ಣದ ಕುರುಚಲು ಪೊದೆ.

ಆ ಪೊದೆಗಳ ನಡುವೆ ಅದು ನಿಂತಿತ್ತು.

ಬೂದು ಬಣ್ಣದ ಬಯಲಿನಲ್ಲಿ ಯಾರೋ ಬ್ರಶ್ಶನ್ನು ಕುಂಕುಮದ ಡಬ್ಬಿಗೆ ಅದ್ದಿ ತಲೆಕೆಳಗಾಗಿ ನೆಟ್ಟ ಹಾಗೆ. ಒಂದು ಬುಡದಿಂದ ಏಳೆಂಟು ಕಡ್ಡಿ, ಪ್ರತಿ ಕಡ್ಡಿಯ ತುದಿಯಲ್ಲೂ ಉರಿಗೆಂಪು ಕುಚ್ಚು. ಎತ್ತರ ಒಂದು ಗೇಣು, ಜಾಸ್ತಿ ಅಂದರೆ ಒಂದೂವರೆ. ಅಮ್ಮ ಮಾತೇ ಆಡಲಿಲ್ಲ, ನೇರ ಅದರ ಕಡೆ ನಡೆದಳು. ಅವಳ ಹಿಂದೆ ಅಪ್ಪ, ದಾರಿ ಬಿಟ್ಟು ಅಡ್ಡಡ್ಡ.

"ಸರ್, ದಯವಿಟ್ಟು ದಾರಿಯಲ್ಲೇ ಇರಿ" ಅಂತ ಹಿಂದಿನಿಂದ ದನಿ ಬಂತು. ನಾಯಿ ಹಿಡಿದುಕೊಂಡ ಒಬ್ಬ ಹುಡುಗ. ಅಪ್ಪನ ಕಾಲ ಕೆಳಗೆ ತೋರಿಸಿದ. ಮರಳಿನ ಮೇಲೆ ಕಪ್ಪಗೆ, ಉಬ್ಬು ಉಬ್ಬಾದ ಪದರ. ಸುಟ್ಟ ದೋಸೆ ಸೀಕಲಿನ ಹಾಗೆ. ಅದಕ್ಕೆ ಜೀವ ಇದೆ ಅಂದ. ಸೂಕ್ಷ್ಮಾಣು, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮರಳನ್ನು ಹಿಡಿದಿಟ್ಟಿರುವುದಂತೆ. ಒಂದು ಸಲ ತುಳಿದರೆ ಮತ್ತೆ ಕೂಡಲು ಹತ್ತಾರು ವರ್ಷ. ಅಪ್ಪ ಹಾಗೇ ಒಂಟಿ ಕಾಲಲ್ಲಿ ನಿಂತರು. ತಮ್ಮದೇ ಹೆಜ್ಜೆ ಗುರುತಿನ ಮೇಲೆ ಹೆಜ್ಜೆ ಇಟ್ಟು ಹಿಂದಕ್ಕೆ ಬಂದರು. ಗದ್ದೆಯಲ್ಲಿ ನಾಟಿ ಆದಮೇಲೆ ಬದುವಿನ ಮೇಲೆ ನಡೆಯುವವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಹೂ ಯಾವುದು ಅಂತ ಕೇಳಿದೆ. "ಇಂಡಿಯನ್ ಪೇಂಟ್‌ಬ್ರಶ್" ಅಂದ.

"ನಮ್ಮ ಇಂಡಿಯಾದ್ದಾ?" ಅಪ್ಪನ ಮುಖ ಅರಳಿತು.

ಅಲ್ಲ ಅಪ್ಪ, ಇಲ್ಲಿನ ಮೂಲ ಜನರನ್ನು ಇವರು ಹಾಗೆ ಕರೆಯುತ್ತಿದ್ದರು ಅಂದೆ. ಈಗ ತುಂಬ ಜನ ಬರೀ ಪೇಂಟ್‌ಬ್ರಶ್ ಅನ್ನುತ್ತಾರೆ. ಕೊಲಂಬಸ್ ದಾರಿ ತಪ್ಪಿದ್ದಕ್ಕೆ ಗಿಡಗಳಿಗೂ ನಮ್ಮ ಹೆಸರು ಬಂತಲ್ಲ ಅಂತ ಅಪ್ಪ ನಗುತ್ತಾ ಕೂತರು. ನಾನು ದಾರಿಯಲ್ಲೇ ಮೊಣಕಾಲೂರಿ, ಜೂಮ್ ಮಾಡಿ, ಕೆಂಪು ಕುಚ್ಚನ್ನು ಇಪ್ಪತ್ತೆರಡು ಸಲ ಫೋಟೋ ತೆಗೆದೆ. ಆ ಇಪ್ಪತ್ತೆರಡೂ ದಂಡ ಅಂತ ಗೊತ್ತಾದದ್ದು ಮರುದಿನ.

ಎರಡನೇ ದಿನ

ರಾತ್ರಿ ಮೋಟೆಲ್‌ನಲ್ಲಿ ಗಿಡ ಗುರುತಿಸುವ ಆ್ಯಪ್‌ಗೆ ಫೋಟೋ ಕೊಟ್ಟೆ. ಕುಲದ ಹೆಸರನ್ನು ಪ್ರತಿ ಸಲವೂ ಒಂದೇ ಹೇಳಿತು: ಕ್ಯಾಸ್ಟಿಲ್ಲೆಜಾ. ಸ್ಪೇನಿನ ಕಾಡಿಜ್ ಊರಿನ ಸಸ್ಯಶಾಸ್ತ್ರಜ್ಞ ಡೊಮಿಂಗೊ ಕಾಸ್ಟಿಯೆಹೊ ಹೆಸರಲ್ಲಿ, ಕೊಲಂಬಿಯಾದ ಕಡೆ ಕೆಲಸ ಮಾಡುತ್ತಿದ್ದ ಮೂತಿಸ್ ಅನ್ನುವವರು ಇಟ್ಟದ್ದು. ಅಲ್ಲಿಗೆ ಸರಿ. ಆ ಕುಲದಲ್ಲಿ ಸುಮಾರು 200 ಜಾತಿಗಳಿವೆ. ಯಾವ ಜಾತಿ ಅಂತ ಕೇಳಿದರೆ ಒಂದು ಫೋಟೋಗೆ ಒಂದು ಹೆಸರು, ಇನ್ನೊಂದು ಫೋಟೋಗೆ ಇನ್ನೊಂದು. ಗಿಡ ಒಂದೇ! "ನಮ್ಮೂರ ಜ್ಯೋತಿಷಿ ವಾಸಿ" ಅಂದಳು ಅಮ್ಮ.

ಜಯಾನ್‌ಗೆ ಬೆಳಿಗ್ಗೆ ಎಂಟರೊಳಗೆ ತಲುಪಬೇಕು. ತಡವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಕಣಿವೆಯ ಒಳಕ್ಕೆ ಸೀಸನ್‌ನಲ್ಲಿ ಸ್ವಂತ ಕಾರು ಬಿಡುವುದಿಲ್ಲ, ಪುಕ್ಕಟೆ ಬಸ್ಸುಗಳಿವೆ. ದಾರಿಯಲ್ಲಿ ಹರಿಕೇನ್ ಅನ್ನುವ ಊರು ಸಿಗುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ನಾನು 'ಹರಿಕೇನ್' ಅಂದಾಗ ಕೌಂಟರಿನ ಹೆಂಗಸು ತಿದ್ದಿದರು: "ಹರಿಕನ್, ಹನಿ. ಹರಿಕನ್." ಅಪ್ಪನಿಗೆ ಅದೊಂದು ಖುಷಿ. ಟಿಪ್ಟೂರು ಅನ್ನುವವರನ್ನು ತಿಪಟೂರು ಅಂತ ತಿದ್ದಿ ತಿದ್ದಿ ಅವರಿಗೆ ಅಭ್ಯಾಸ.

ಕಣಿವೆಯ ಬಗ್ಗೆ ಏನು ಬರೆಯಲಿ? ತಲೆ ಎತ್ತಿ ಎತ್ತಿ ಕತ್ತು ನೋಯುತ್ತದೆ. ಒಂದು ಕಾಲದಲ್ಲಿ ಇದೆಲ್ಲ ಮರಳುಗುಡ್ಡಗಳಂತೆ, ಡೈನೋಸಾರ್‌ಗಳ ಕಾಲದ್ದು. ಗಟ್ಟಿಯಾಗಿ ಕಲ್ಲಾದವು, ಆಮೇಲೆ ವರ್ಜಿನ್ ನದಿ ಕೊರೆಯಿತು. ಕೊರೆದ ನದಿ ಈಗಲೂ ಕೆಳಗೆ ಹರಿಯುತ್ತಿದೆ, ನಮ್ಮೂರ ಹಳ್ಳಕ್ಕಿಂತ ಸ್ವಲ್ಪ ದೊಡ್ಡದು. "ಇಷ್ಟು ನೀರು ಅಷ್ಟು ಕಲ್ಲು ತಿಂತಾ?" ಅಂತ ಅಪ್ಪ ಬಹಳ ಹೊತ್ತು ನಂಬಲಿಲ್ಲ.

ಮಧ್ಯಾಹ್ನ ನದಿ ಪಕ್ಕ ಊಟಕ್ಕೆ ಕೂತೆವು. ಅಳಿಲಿಗೆ ತಿಂಡಿ ಕೊಡಬೇಡಿ, ಕಚ್ಚುತ್ತದೆ ಅಂತ ಬೋರ್ಡ್ ಇತ್ತು. ಬೆರಳಿಗೆ ಹೊಲಿಗೆ ಹಾಕಿದ ಫೋಟೋ ಬೇರೆ. ನಾವು ಕೊಡಲಿಲ್ಲ. ಅದೇ ತೆಗೆದುಕೊಂಡಿತು. ಅಮ್ಮ ಡಬ್ಬದ ಮುಚ್ಚಳ ತೆಗೆದು ಅಪ್ಪನಿಗೆ ತಟ್ಟೆ ಕೊಡಲು ತಿರುಗಿದ್ದಷ್ಟೇ. ಬೆಕ್ಕಿನ ಗಾತ್ರದ ಅಳಿಲು ಒಂದು ಪೂರ್ತಿ ಕೋಡುಬಳೆ ಕಚ್ಚಿಕೊಂಡು ಕಲ್ಲಿನ ಮೇಲೆ ಕೂತು, ಎರಡು ಕೈಯಲ್ಲಿ ಹಿಡಿದು ಕಟುಕಟು ತಿಂದಿತು. ನಮ್ಮ ಅಳಿಲಿನ ಹಾಗೆ ಬೆನ್ನಮೇಲೆ ರಾಮನ ಬೆರಳ ಗುರುತಿಲ್ಲ, ಅದಕ್ಕೇ ಇಷ್ಟು ದುರಹಂಕಾರ ಅಂತ ಅಮ್ಮನ ತೀರ್ಪು.

ಸಂದರ್ಶಕರ ಕೇಂದ್ರದಲ್ಲಿ ಗಿಡಗಳ ಬಗ್ಗೆ ಹೇಳುವ ಒಬ್ಬ ವಯಸ್ಸಾದ ರೇಂಜರ್ ಸಿಕ್ಕರು. ನನ್ನ ಇಪ್ಪತ್ತೆರಡು ಫೋಟೋ ತೋರಿಸಿದೆ. ಒಂದೊಂದಾಗಿ ಸರಿಸಿ ನೋಡಿದರು. ಕೊನೆಗೆ ಕನ್ನಡಕ ತೆಗೆದು ಕೇಳಿದರು: "ಎಲೆ ಎಲ್ಲಿ?"

ಎಲ್ಲ ಫೋಟೋದಲ್ಲೂ ಕೆಂಪು. ಬರೀ ಕೆಂಪು. ಎಲೆಯೂ ಇಲ್ಲ, ಕಾಂಡವೂ ಇಲ್ಲ, ಸುತ್ತ ಏನಿತ್ತು ಅನ್ನುವುದೂ ಇಲ್ಲ.

"ಎಲ್ಲರೂ ಹೀಗೇ ಮಾಡುತ್ತಾರೆ" ಅಂತ ಸಮಾಧಾನ ಹೇಳಿ ವಿವರಿಸಿದರು. ನೀವು ಹೂ ಅಂದುಕೊಂಡಿರುವ ಕೆಂಪು ಹೂವೇ ಅಲ್ಲ. ಅದು ಬ್ರ್ಯಾಕ್ಟ್, ಅಂದರೆ ಹೂವಿನ ಬುಡದಲ್ಲಿ ಬರುವ ಎಲೆ. ಬಣ್ಣ ಬಂದಿದೆ ಅಷ್ಟೇ. ನಿಜವಾದ ಹೂ ಅದರ ಒಳಗಿದೆ, ಹಸಿರು ಹಳದಿ ಬಣ್ಣದ ಸಣ್ಣ ಕೊಳವೆ, ಹಕ್ಕಿ ಕೊಕ್ಕಿನ ಹಾಗೆ ಹೊರಗೆ ಇಣುಕುತ್ತದೆ. ಕೆಂಪು ಎಲೆ ದೂರದಿಂದ ಹಮ್ಮಿಂಗ್‌ಬರ್ಡ್ ಕರೆಯುತ್ತದೆ, ಜೇನು ಕೊಳವೆಯ ಬುಡದಲ್ಲಿರುತ್ತದೆ. ಜಾತಿ ಗೊತ್ತಾಗಬೇಕಾದರೆ ಕೆಂಪು ಮರೆತುಬಿಡಿ. ಈ ಕುಲದಲ್ಲಿ ಕೆಂಪು ಬಹಳ ಜನರ ಹತ್ತಿರ ಇದೆ. ಒಂದೇ ಜಾತಿಯಲ್ಲಿ ಕಿತ್ತಳೆ, ಹಳದಿಯೂ ಬರುತ್ತದೆ.

ನಾನು ಭಾಷಾಂತರ ಮಾಡಿ ಮುಗಿಸುವ ಮೊದಲೇ ಅಮ್ಮ ಅಂದಳು: "ಕಾಗದದ ಹೂವಿನ ಹಾಗೆ ಅಂತ ಹೇಳು. ಅದರಲ್ಲೂ ಒಳಗೆ ಬಿಳಿ ಪುಟ್ಟದಿರುತ್ತೆ." ಬೊಗೆನ್‌ವಿಲ್ಲಾ ಅಂತ ಹೇಳಿದೆ. ರೇಂಜರ್ ಅಮ್ಮನಿಗೆ ಕೈ ಕುಲುಕಿದರು. ಮುಂದಿನ ಮಾತನ್ನೆಲ್ಲ ನನ್ನ ಬಿಟ್ಟು ಅವಳನ್ನೇ ನೋಡಿಕೊಂಡು ಹೇಳಿದರು.

ಅವರು ಹೇಳಿದ್ದು ಇಷ್ಟು. ಈ ಕಡೆ ಮೂರು ಜಾತಿ ಜನರನ್ನು ತಬ್ಬಿಬ್ಬು ಮಾಡುತ್ತವೆ. ಮೇಲಿನ ಎಲೆಗಳು ಬೆರಳಿನ ಹಾಗೆ ಮೂರೋ ಐದೋ ಸೀಳಾಗಿದ್ದು, ಬೂದು ರೋಮ ಇದ್ದು, ಮರಳು ನೆಲದ ಪೊದೆಗಳ ನಡುವೆ ವಸಂತದಲ್ಲಿ ನಿಂತಿದ್ದರೆ ಅದು ಮರುಭೂಮಿಯ ಪೇಂಟ್‌ಬ್ರಶ್, ಕ್ಯಾಸ್ಟಿಲ್ಲೆಜಾ ಕ್ರೋಮೋಸಾ. ಗಿಡ ಗಿಡ್ಡಗಿದ್ದು, ಬರೀ ಬಂಡೆಯ ಬಿರುಕಿನಲ್ಲಿ ಬಂಡೆಗೇ ಅಂಟಿಕೊಂಡಿದ್ದರೆ ಅದು ಸ್ಕೇಬ್ರಿಡಾ. ಸೊಂಟದವರೆಗೂ ಬೆಳೆಯುವ, ಎಲೆ ದಾರದ ಹಾಗೆ ಕಿರಿದಾದ, ಹೂ ಕೆಂಪು ಎಲೆಯಿಂದ ಚೆನ್ನಾಗಿ ಹೊರಗೆ ಚಾಚುವ ಇನ್ನೊಂದಿದೆ, ಲಿನೇರಿಫೋಲಿಯಾ. ಅದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ವಯೋಮಿಂಗ್ ರಾಜ್ಯದವರು 1917ರಲ್ಲೇ ಅದನ್ನು ತಮ್ಮ ರಾಜ್ಯದ ಹೂ ಮಾಡಿಕೊಂಡಿದ್ದಾರೆ. ಕ್ರೋಮೋಸಾ ಬೇರೆಯೋ, ಆಂಗುಸ್ಟಿಫೋಲಿಯಾ ಅನ್ನುವ ಇನ್ನೊಂದರ ಒಳಗೇ ಸೇರಬೇಕೋ ಅಂತ ಪುಸ್ತಕಗಳಲ್ಲೇ ಜಗಳ ಇದೆಯಂತೆ. ಆ್ಯಪ್ ಪಾಪ, ಅದರ ತಪ್ಪೇನಿದೆ.

"ನಿನ್ನೆದು ಯಾವುದು ಹಾಗಾದ್ರೆ?" ಅಮ್ಮ ಕೇಳಿದಳು. ಎಲೆ ನೋಡದೆ ಹೇಗೆ ಹೇಳುವುದು? ಮೂರು ಜನವೂ ಹೂ ನೋಡಿಕೊಂಡು ನಿಂತಿದ್ದೆವು, ಒಬ್ಬರೂ ಎಲೆ ನೋಡಿರಲಿಲ್ಲ.

ಸಂಜೆ ಪೂರ್ವದ ಕಡೆ ಹೊರಟೆವು. ಜಯಾನ್ ಒಳಗಿನ ರಸ್ತೆಯೂ ಕೆಂಪು. ಇಲ್ಲಿನ ಕೆಂಪು ಲಾವಾ ಕಲ್ಲನ್ನೇ ಪುಡಿ ಮಾಡಿ ಡಾಂಬರಿಗೆ ಬೆರೆಸಿದ್ದಾರೆ. ಹಾವಿನ ಹಾಗೆ ಹತ್ತಿ ಹತ್ತಿ ಸುರಂಗ ಬರುತ್ತದೆ. 1930ರಲ್ಲಿ ಮುಗಿಸಿದ್ದು, ಉದ್ದ 1.8 ಕಿಲೋಮೀಟರ್, ಒಳಗೆ ದೀಪ ಇಲ್ಲ. ಅಲ್ಲಲ್ಲಿ ಬಂಡೆ ಕೊರೆದು ಕಿಟಕಿ ಮಾಡಿದ್ದಾರೆ. ಕಿಟಕಿ ಬಂದಾಗ ಒಂದು ಕ್ಷಣ ಕಣಿವೆ ಮಿಂಚಿ ಮಾಯ. ಹೆಡ್‌ಲೈಟ್ ಮೊದಲೇ ಹಾಕಿಕೊಳ್ಳಿ, ತಂಪು ಕನ್ನಡಕ ತೆಗೆಯಿರಿ. ನಾನು ಮರೆತು ಮೊದಲ ನೂರು ಅಡಿ ಕುರುಡಿಯ ಹಾಗೆ ಓಡಿಸಿದೆ.

ಸುರಂಗ ದಾಟಿದರೆ ಬೇರೆ ಲೋಕ. ಬೆಣ್ಣೆ ಕಡೆದ ಹಾಗೆ ಸುಳಿ ಸುಳಿ ಬಂಡೆ. ಕಾರು ನಿಲ್ಲಿಸಿದಲ್ಲಿಯೇ ಅಮ್ಮ ಕೈ ತೋರಿಸಿದಳು. ಬರೀ ಕಲ್ಲು, ಒಂದು ಹಿಡಿ ಮಣ್ಣೂ ಇಲ್ಲ. ಬಿರುಕಿನಲ್ಲಿ ಅಂಗೈ ಎತ್ತರದ ಕೆಂಪು ಗೊಂಚಲು, ಬಂಡೆಯ ಮೇಲೆ ಒರಗಿಕೊಂಡು. ಸ್ಕೇಬ್ರಿಡಾ! ಈ ಸಲ ನಾನು ಮೊದಲು ಎಲೆ ತೆಗೆದೆ, ಆಮೇಲೆ ಬುಡ, ಆಮೇಲೆ ಬಂಡೆ, ಕೊನೆಗೆ ಕೆಂಪು. ಅಪ್ಪ ಬಗ್ಗಿ ನೋಡಿ ಒಳಗಿನ ಹಸಿರು ಕೊಕ್ಕು ಕಂಡುಹಿಡಿದರು. "ಇದೇನಾ ಹೂವು? ಇಷ್ಟಕ್ಕೆ ಇಷ್ಟು ಮೆರವಣಿಗೆನಾ?"

ಅಮ್ಮ ಒಂದು ಕಡ್ಡಿ ಕೀಳಲಾ ಅಂತ ಕಣ್ಣಲ್ಲೇ ಕೇಳಿದಳು. ರಾಷ್ಟ್ರೀಯ ಉದ್ಯಾನದಲ್ಲಿ ಕಲ್ಲು ಕೂಡ ಎತ್ತಿಕೊಂಡು ಹೋಗುವ ಹಾಗಿಲ್ಲ ಅಂದೆ. ಕೈ ಮುಗಿದು ಕಾರು ಹತ್ತಿದಳು.

ಮೂರನೇ ದಿನ

ರಾತ್ರಿ ಕನಾಬ್‌ನಲ್ಲಿ ಉಳಿದಿದ್ದೆವು. ಬೆಳಿಗ್ಗೆ ಒಂದು ಸಣ್ಣ ಹೋಟೆಲಿಗೆ ಹೋದರೆ ಮೆನುವಿನಲ್ಲಿ ಸ್ಕೋನ್ ಅಂತ ಇತ್ತು. ಬೇಕರಿಯ ಒಣ ಬನ್ ಬರುತ್ತದೆ ಅಂದುಕೊಂಡರೆ ಬಂದದ್ದು ಎಣ್ಣೆಯಲ್ಲಿ ಕರಿದ, ಉಬ್ಬಿದ, ತಟ್ಟೆಯಷ್ಟು ಅಗಲದ ಪೂರಿ! ಯೂಟಾದಲ್ಲಿ ಸ್ಕೋನ್ ಅಂದರೆ ಅದೇ. ಜೊತೆಗೆ ಜೇನು ಬೆರೆಸಿದ ಬೆಣ್ಣೆ. ಅಪ್ಪ ಎರಡು ತಿಂದರು. ಸಾಗು ಇಲ್ಲ ಅನ್ನುವುದೊಂದೇ ಕೊರತೆ. ಸಸ್ಯಾಹಾರಿಗಳು ಈ ಕಡೆ ಬಂದರೆ ಬೆಳಗಿನ ತಿಂಡಿಯನ್ನೇ ಗಟ್ಟಿಯಾಗಿ ಮಾಡುವುದು ಒಳ್ಳೆಯದು. ಮಧ್ಯಾಹ್ನದ ಮೇಲೆ ಬರೀ ಆಲೂಗೆಡ್ಡೆ ಫ್ರೈ ಮತ್ತು ಕೆಚಪ್‌ಗೆ ಮಯೊನೀಸ್ ಕಲಸಿದ ಗುಲಾಬಿ ಬಣ್ಣದ ಫ್ರೈ ಸಾಸ್.

ಬ್ರೈಸ್‌ಗೆ ಸುಮಾರು 125 ಕಿಲೋಮೀಟರ್. ಕಣಿವೆಯ ಅಂಚು ಎಂಟೊಂಬತ್ತು ಸಾವಿರ ಅಡಿ ಎತ್ತರದಲ್ಲಿದೆ. ಕೆಳಗೆ ಫ್ಯಾನ್ ಬೇಕೆನಿಸಿದ್ದರೆ ಇಲ್ಲಿ ಮರದ ನೆರಳಲ್ಲಿ ಇನ್ನೂ ಹಿಮ. ಅಪ್ಪನ ಸ್ವೆಟರ್‌ಗೆ ಕೊನೆಗೂ ಕೆಲಸ ಸಿಕ್ಕಿತು. ಸಾವಿರಾರು ಕಿತ್ತಳೆ ಬಣ್ಣದ ಕಲ್ಲಿನ ಕಂಬಗಳು, ಜಾತ್ರೆಗೆ ಬಂದ ಜನ ಒಟ್ಟಿಗೆ ನಿಂತ ಹಾಗೆ. ಎಬೆನೆಜರ್ ಬ್ರೈಸ್ ಅನ್ನುವ ವಲಸೆಗಾರರ ಹೆಸರು ಇದಕ್ಕೆ. ಹಸು ಕಳೆದುಹೋದರೆ ಹುಡುಕಲು ಪರಮ ಕೆಟ್ಟ ಜಾಗ ಅಂತ ಅವರು ಹೇಳಿದ್ದರು ಅಂತ ಎಲ್ಲ ಕಡೆ ಹೇಳುತ್ತಾರೆ. ಅಪ್ಪ ಇಡೀ ಬ್ರೈಸ್‌ನಲ್ಲಿ ಮೆಚ್ಚಿದ್ದು ಆ ಒಂದು ಮಾತನ್ನೇ. "ಹಸು ಸಾಕಿದವನ ಮಾತು ಅದು" ಅಂದರು. ಗಾಳಿ ಚಳಿಗೆ ಅಮ್ಮನ ಕಿವಿ ನೋಯಲು ಶುರುವಾಯಿತು. ಪೇಂಟ್‌ಬ್ರಶ್‌ನ ಸುಳಿವೂ ಇಲ್ಲ. ಇಲ್ಲಿ ಅದಕ್ಕೆ ಜೂನ್ ಬರಬೇಕು. ಎರಡು ಗಂಟೆಗೇ ಇಳಿದುಬಿಟ್ಟೆವು.

ವಾಪಸ್ ಬರುವಾಗ ಲಾಂಗ್ ವ್ಯಾಲಿಯಲ್ಲಿ, ರಸ್ತೆ ಪಕ್ಕ ಕಲ್ಲು ಮಾರುವ ಒಂದು ಅಂಗಡಿ ಕಂಡಿತು. ಬಣ್ಣಬಣ್ಣದ ಕಲ್ಲುಗಳ ಅಂಗಡಿಗಳು ಈ ರಸ್ತೆಯಲ್ಲಿ ಸಾಕಷ್ಟಿವೆ. ಅಮ್ಮನ ಕಣ್ಣು ಕಲ್ಲಿನ ಮೇಲೆ ಹೋಗಲಿಲ್ಲ. ಅಂಗಡಿಯ ಬದಿಯಲ್ಲಿ, ಬೇಲಿಯ ಒಳಗೆ, ಒಂದು ಬೂದು ಪೊದೆಯ ಬುಡದಲ್ಲಿ ಮೂರು ಕಡ್ಡಿ ಕೆಂಪು.

ಅಂಗಡಿಯ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸಿರಬೇಕು. ನಾವು ಗಿಡ ನೋಡುವುದನ್ನು ನೋಡಿ ಹೊರಗೆ ಬಂದರು. ಅದನ್ನು ಬೆಳೆಸಲು ಹನ್ನೆರಡು ವರ್ಷ ಹಿಡಿಯಿತು ಅಂದರು. ಮೊದಲು ಮಗನ ಜಮೀನಿನಿಂದ ಬೇರು ಸಮೇತ ಅಗೆದು ತಂದರಂತೆ. ಸತ್ತಿತು. ಇನ್ನೊಂದು ತಂದರು, ಒಳ್ಳೆಯ ಗೊಬ್ಬರ ಹಾಕಿ, ದಿನಾ ನೀರು ಕೊಟ್ಟು, ಸುತ್ತ ಒಂದು ಹುಲ್ಲುಕಡ್ಡಿ ಇಲ್ಲದ ಹಾಗೆ ಕಳೆ ತೆಗೆದರು. ಅದೂ ಸತ್ತಿತು. ಮೂರನೆಯದೂ ಹಾಗೇ. ಆಮೇಲೆ ಯಾರೋ ಹೇಳಿದರಂತೆ, ಈ ಗಿಡ ಒಂಟಿಯಾಗಿ ಬದುಕುವುದಿಲ್ಲ, ನೆಲದೊಳಗೆ ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿರುತ್ತದೆ, ಕಿತ್ತರೆ ಆ ಬಾಯಿ ಹರಿದುಹೋಗುತ್ತದೆ. ಆಗ ಬೀಜ ತಂದು, ಚಳಿಗಾಲಕ್ಕೆ ಮೊದಲೇ ಈ ಸೇಜ್‌ಬ್ರಶ್ ಪೊದೆಯ ಬುಡದಲ್ಲಿ ಉದುರಿಸಿ ಸುಮ್ಮನಾದರು. ಹಿಮ ಬಿತ್ತು, ಕರಗಿತು, ಬೀಜ ಎದ್ದಿತು.

ನಾನು ಅಪ್ಪನಿಗೆ ಇದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಧಕ್ಕೇ ಅಪ್ಪ ತೊಡೆ ತಟ್ಟಿಕೊಂಡರು.

"ಅಯ್ಯೋ, ಇದು ನಮ್ಮ ಗಂಧದ ಕಥೆ ಕಣಮ್ಮ! ಅವರಿಗೆ ಹೇಳು, ಹೇಳು."

ಹತ್ತು ನಿಮಿಷ ನಾನು ಆ ಕಡೆಯಿಂದ ಈ ಕಡೆಗೆ ಮಾತು ಸಾಗಿಸಿದೆ. ನಮ್ಮಲ್ಲಿ ಮೊದಲು ಶ್ರೀಗಂಧ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು. 2001ರಲ್ಲಿ ಕಾನೂನು ತಿದ್ದಿದ ಮೇಲೆ ಬೆಳೆದವನದ್ದಾಯಿತು. ಆಮೇಲೆ ಕೆಲವು ವರ್ಷಕ್ಕೆ ಅಪ್ಪ ತೆಂಗಿನ ತೋಟದ ಪಕ್ಕದ ಅರ್ಧ ಎಕರೆಗೆ ಗಂಧ ಹಾಕಿದರು. ನರ್ಸರಿಯವನು ಪ್ರತಿ ಪ್ಯಾಕೆಟ್‌ನಲ್ಲಿ ಗಂಧದ ಸಸಿಯ ಜೊತೆ ಒಂದು ತೊಗರಿ ಗಿಡವನ್ನೂ ಬಿಟ್ಟು ಕೊಟ್ಟಿದ್ದ. ಅಪ್ಪ ನೋಡಿದರು, ಇದೇನು ಕಳೆ ಕೀಳದೆ ಕೊಟ್ಟಿದ್ದಾನೆ ಅಂತ ಬೈದು, ಎಲ್ಲ ತೊಗರಿಯನ್ನೂ ಕಿತ್ತು ಹಾಕಿ, ಶುದ್ಧ ಗಂಧ ನೆಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಸಸಿಗಳು ಹಳದಿಯಾಗಿ ಒಂದೊಂದೇ ಒಣಗಿದವು. ಗಂಧವೂ ಹೀಗೇ. ಎಲೆ ಹಸಿರಾಗಿದೆ, ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರು ಸಾರಕ್ಕೆ ಪಕ್ಕದವರ ಬೇರಿಗೆ ಹೀರುಬೇರು ಚುಚ್ಚಲೇಬೇಕು. ಮರುವರ್ಷ ತೊಗರಿ ಸಮೇತ ನೆಟ್ಟರು, ನಡುನಡುವೆ ಹೊಂಗೆ, ಗಾಳಿಮರ ಹಾಕಿದರು. ಈಗ ತೊಡೆ ಗಾತ್ರ ಆಗಿವೆ.

ಅಜ್ಜಿ ಅಷ್ಟನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಇವರೂ ಕಳೆ ಕಿತ್ತರಾ?"

ಹೌದು ಅಂದೆ. ಇಬ್ಬರೂ ಸೇರಿ ನಕ್ಕರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮೂರು ವಾರದಲ್ಲಿ ಅಪ್ಪ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಹೊರಡುವಾಗ ಅಮ್ಮ ಆ ಬೂದು ಪೊದೆಯ ಎಲೆಯನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ ಮೂಗಿಗೆ ಹಿಡಿದಳು. "ಲೇ, ದವನ ಕಣೇ ಇದು!" ನಾನೂ ಮೂಸಿದೆ. ಪೂರ್ತಿ ದವನ ಅಲ್ಲ, ಸ್ವಲ್ಪ ಕರ್ಪೂರದ ಖಾರ ಇದೆ. ಆದರೆ ಅಮ್ಮನ ಮೂಗು ಸುಳ್ಳು ಹೇಳಲಿಲ್ಲ. ರಾತ್ರಿ ಹುಡುಕಿ ನೋಡಿದರೆ ಸೇಜ್‌ಬ್ರಶ್ ಮತ್ತು ನಮ್ಮ ದವನ ಎರಡೂ ಆರ್ಟಿಮಿಸಿಯಾ ಅನ್ನುವ ಒಂದೇ ಕುಲ. ಆ್ಯಪ್ ಎರಡು ದಿನ ಒದ್ದಾಡಿದ ಕಡೆ ಅಮ್ಮ ಎರಡು ಬೆರಳಲ್ಲಿ ಮುಗಿಸಿದ್ದಳು.

ಒಂದು ಎಚ್ಚರಿಕೆಯನ್ನೂ ಅಜ್ಜಿ ಹೇಳಿದ್ದರು. ಕೆಲವರು ಪೇಂಟ್‌ಬ್ರಶ್ ಹೂವನ್ನು ಚೀಪುತ್ತಾರೆ, ತಿನ್ನುತ್ತಾರೆ. ಈ ಕಡೆಯ ಮಣ್ಣಿನಲ್ಲಿ ಸೆಲೆನಿಯಂ (ಜಾಸ್ತಿ ಆದರೆ ವಿಷವಾಗುವ ಧಾತು) ಇದ್ದರೆ ಗಿಡ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಬಾಯಿಗೆ ಹಾಕಬೇಡಿ.

ನಾಲ್ಕನೇ ದಿನ

ಮನೆಗೆ ಎಂಟು ಗಂಟೆಯ ದಾರಿ. ಫ್ರೆಡೋನಿಯಾ ಮೇಲೆ ಹೋಗುವ, ಅರಿಜೋನಾದ ಅಂಚಿನಲ್ಲಿ ಸಾಗುವ ಸಣ್ಣ ರಸ್ತೆ ಹಿಡಿದೆವು. ಒಂದು ಕಡೆ ಕೆಂಪು ಬಂಡೆ ಸಾಲು, ಇನ್ನೊಂದು ಕಡೆ ಕಣ್ಣಿಗೆ ಮುಗಿಯದ ಬಯಲು. ಹತ್ತು ನಿಮಿಷಕ್ಕೊಂದು ವಾಹನ. ಇಂಟರ್‌ಸ್ಟೇಟ್‌ನ ಹಾಗಲ್ಲ, ಪಕ್ಕಕ್ಕೆ ನಿಲ್ಲಿಸಬಹುದು. ಅಮ್ಮನನ್ನು ಮುಂದಿನ ಸೀಟಿಗೆ ಬಡ್ತಿ ಕೊಟ್ಟಿದ್ದೆವು. ಕೆಂಪು ಕಂಡಾಗಲೆಲ್ಲ ನಿಲ್ಲಿಸುವುದು ಅಂತ ಒಪ್ಪಂದ.

ಮೊದಲು ನಿಲ್ಲಿಸಿದ್ದು ಕೋಲಾ ಡಬ್ಬಕ್ಕೆ. ಎರಡನೆಯದು ಉದ್ದ ಕಡ್ಡಿಗೆ ಸಾಲಾಗಿ ಕೆಂಪು ಕೊಳವೆ ಹೂ ತೂಗುತ್ತಿದ್ದದ್ದು. ನಾನು ಸಿಕ್ಕಿತು ಅಂತ ಕೂಗಿದೆ. ಅಮ್ಮ ಹತ್ತಿರ ಹೋಗಿ ತಲೆ ಅಲ್ಲಾಡಿಸಿದಳು. "ಇದರಲ್ಲಿ ಹೂವೇ ಕೆಂಪು. ಎಲೆ ಹಸಿರಾಗೇ ಇದೆ." ನಿಜ. ಅದು ಫೈರ್‌ಕ್ರ್ಯಾಕರ್ ಪೆನ್‌ಸ್ಟೆಮನ್, ಪಟಾಕಿ ಹೂ. ಅದೂ ಹಮ್ಮಿಂಗ್‌ಬರ್ಡ್‌ಗೇ ಮೀಸಲು. ಮೂರನೆಯದು ಕಲ್ಲಿನ ಸಂದಿಯಲ್ಲಿ ಬಟ್ಟಲು ಬಟ್ಟಲು ಕೆಂಪು ಬಿಟ್ಟ ಕಳ್ಳಿ, ಕ್ಲಾರೆಟ್ ಕಪ್. ಚೆಂದಕ್ಕೇನೂ ಕಮ್ಮಿ ಇಲ್ಲ. ಅಪ್ಪ ಇನ್ನೂ ಹತ್ತಿರದಿಂದ ನೋಡಲು ಹೋಗಿ ಅಂಗೈಗೆ ಮೂರು ಮುಳ್ಳು ಚುಚ್ಚಿಸಿಕೊಂಡರು. ಹುಬ್ಬು ಕೀಳುವ ಚಿಮಟ ಅಮ್ಮನ ಪರ್ಸಿನಲ್ಲಿ ಇದ್ದದ್ದು ಪುಣ್ಯ. ಈ ಕಡೆ ಬರುವವರು ನೀರಿನ ಬಾಟಲಿಯ ಜೊತೆ ಒಂದು ಚಿಮಟವನ್ನೂ ಇಟ್ಟುಕೊಳ್ಳಿ.

ನಾಲ್ಕನೆಯದಕ್ಕೆ ನಿಲ್ಲಿಸಿದಾಗ ನನಗೆ ನಂಬಿಕೆ ಹೋಗಿತ್ತು. ರಸ್ತೆಯ ಅಂಚಿನಿಂದ ನಾಲ್ಕು ಹೆಜ್ಜೆ ಅಷ್ಟೇ. ಮರಳು ಮಣ್ಣು. ಸೇಜ್‌ಬ್ರಶ್ ಪೊದೆ, ಅದರ ಕೊಂಬೆಗಳ ಒಳಗಿನಿಂದಲೇ ಎದ್ದ ಕೆಂಪು ಕುಚ್ಚುಗಳು. ಎಣಿಸಿದೆವು, ಹನ್ನೊಂದು. ಅಮ್ಮ ಕುಕ್ಕರಗಾಲಲ್ಲಿ ಕೂತಳು. ಕೆಂಪಿನ ಕಡೆ ನೋಡಲೇ ಇಲ್ಲ. ಕೆಳಗಿನ ಎಲೆ ಒಂದೇ ಪಟ್ಟಿ, ಕಿರಿದು. ಮೇಲೆ ಹೋದ ಹಾಗೆ ಎಲೆ ಸೀಳುತ್ತಾ ಹೋಗಿತ್ತು. "ಕೋಳಿ ಕಾಲು ನೋಡು. ಒಂದು, ಎರಡು, ಮೂರು." ಎಲೆಯ ಮೇಲೆ ಬೂದು ರೋಮ, ಬಿಸಿಲಿಗೆ ಹೊಳೆಯುತ್ತಿತ್ತು. ಇನ್ನೂ ಮೇಲಿನ ಎಲೆಗೆ ತುದಿಯಲ್ಲಿ ಸ್ವಲ್ಪ ಕೆಂಪು ಹತ್ತಿತ್ತು. ಅದರ ಮೇಲಿನದಕ್ಕೆ ಅರ್ಧ, ಅದರ ಮೇಲಿನದಕ್ಕೆ ಪೂರ್ತಿ. ಎಲ್ಲಿ ಎಲೆ ಮುಗಿದು ಎಲ್ಲಿ ಹೂವಿನ ಎಲೆ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಮೂರು ದಿನ ಕೇಳಿದ್ದು ಆ ಒಂದು ಕಡ್ಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬರೆದಿಟ್ಟ ಹಾಗಿತ್ತು.

ಕ್ರೋಮೋಸಾ. ಅಪ್ಪ ಜೇಬಿನ ಪೆನ್ನಿನಲ್ಲಿ ಅಳೆದರು. ಎರಡು ಪೆನ್ನು ಎತ್ತರ.

ಸ್ನೋ ಕ್ಯಾನ್ಯನ್‌ನದೂ ಇದೇನಾ? ಇದೇ ಇರಬೇಕು, ಮರಳು ಇತ್ತು, ಪೊದೆ ಇತ್ತು ಅಂದೆ. "ಎಲೆ ನೋಡಿಲ್ಲವಲ್ಲ" ಅಂದಳು ಅಮ್ಮ. ಬರಬರುತ್ತಾ ಅವಳು ರೇಂಜರ್‌ಗಿಂತ ಕಟ್ಟುನಿಟ್ಟಾಗಿದ್ದಳು. ಅಷ್ಟರಲ್ಲಿ ಕಿವಿ ಪಕ್ಕ ಗುಂಯ್ ಅಂತು. ಹಮ್ಮಿಂಗ್‌ಬರ್ಡ್, ಹೆಬ್ಬೆರಳಿನಷ್ಟು. ನಮ್ಮ ಸೂರಕ್ಕಿ ಕಡ್ಡಿ ಹಿಡಿದು ಕೂತು ಹೀರುತ್ತದೆ, ಇದು ಗಾಳಿಯಲ್ಲೇ ನಿಂತಿತು. ಒಂದು ಕುಚ್ಚು, ಎರಡು, ಮೂರು. ನಾನು ಫೋನ್ ತೆಗೆಯುವಷ್ಟರಲ್ಲಿ ಇರಲಿಲ್ಲ.

ಮನೆ ತಲುಪಿದಾಗ ರಾತ್ರಿ ಎಂಟೂವರೆ. ಗಡಿಯಾರ ಒಂದು ಗಂಟೆ ವಾಪಸ್ ಕೊಟ್ಟಿತ್ತು.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಹಿಂದಿನ ಅಂಗಳಕ್ಕೆ ಹೋದರೆ ಅಮ್ಮ ಸ್ನಾನ ಮಾಡಿ, ತಟ್ಟೆ ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು. ಬೇಲಿ ತುಂಬ ಕಾಗದದ ಹೂ. ಮೂರು ವಾರದಿಂದ ದಿನಾ ಅದನ್ನೇ ಕಿತ್ತು ದೇವರಿಗೆ ಇಡುತ್ತಿದ್ದಳು. ಇವತ್ತು ಒಂದನ್ನು ಕಿತ್ತು, ಬಿಡಿಸಿ, ಒಳಗಿನ ಬಿಳಿ ಚುಕ್ಕಿ ನೋಡುತ್ತಿದ್ದಳು.

"ಎಲೆ ಅಂತ ಗೊತ್ತಾದ ಮೇಲೆ ದೇವರಿಗೆ ಇಡಬಹುದೇನೇ ಇದನ್ನ?"

ನನಗೇನು ಗೊತ್ತು. ಅಪ್ಪ ಒಳಗಿನಿಂದಲೇ ಕೂಗಿದರು: "ತುಳಸಿ, ಬಿಲ್ವಪತ್ರೆ ಏನು ಹೂವಾ? ಇಡು."

ಅಮ್ಮ ತಟ್ಟೆ ತುಂಬ ಕಿತ್ತಳು.